ದಾರ ಬದಲಾಗುವ ಹೊತ್ತು

ನಿಟ್ಟುವಳ್ಳಿ, ದಾವಣಗೆರೆ
10 ಫೆಬ್ರವರಿ 2025

ಶಾಹಿಸ್ತಾ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹರಿಹರಕ್ಕೂ ಇಲ್ಲಿಗೂ ಬಸ್ಸಿನಲ್ಲಿ ಅರ್ಧ ಗಂಟೆ. ನಿನ್ನ ಫೋನ್ ನಂಬರೂ ನನ್ನ ಹತ್ತಿರ ಇದೆ. ಆದರೆ ಫೋನ್ ಮಾಡಿದರೆ ಇಬ್ಬರೂ ಹಲೋ ಎಂದು ಸುಮ್ಮನಾಗುತ್ತೇವೆ, ಆಮೇಲೆ ಯಾರು ಮೊದಲು ಇಡಬೇಕು ಅನ್ನುವುದೇ ಒಂದು ಜಗಳವಾಗುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ.

ಕೊಟ್ಟೂರೇಶ್ ಹೋಗಿ ಎಂಟು ತಿಂಗಳಾಯಿತು. ಸುದ್ದಿ ನಿನಗೆ ಮುಟ್ಟಿದೆ ಎಂದೂ ಗೊತ್ತು, ನೀನು ಬರಲಿಲ್ಲ ಎಂದೂ ಗೊತ್ತು. ಅದನ್ನು ಕೇಳಲು ಬರೆಯುತ್ತಿಲ್ಲ. ಮಾತಾಡಿಸಲು ಊರೆಲ್ಲ ಬಂದು ಹೋಯಿತು. ಸಾವಿನ ಮನೆಯಿಂದ ಏಳುವಾಗ ಬರ್ತೀನಿ ಎನ್ನಬಾರದಲ್ಲ, ಒಬ್ಬೊಬ್ಬರೂ ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು. ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಇರುತ್ತದೆ ನೋಡು, ಹಾಗಿದ್ದೇನೆ. ಉಣ್ಣುತ್ತೇನೆ, ರುಚಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

ಈಗ ಕೆಲಸದ ಮಾತು. ನೀನೂ ಇವರೂ ಸೇರಿ ಮುಂದಿನ ಕೋಣೆಯಲ್ಲಿ ಕೂರಿಸಿದ ಕಸೂತಿ ಯಂತ್ರ ನಿಂತಿದೆ. ಕೆಟ್ಟಿಲ್ಲ. ಶಾಲೆಗಳವರು ಈಗ ಬ್ಯಾಡ್ಜಿನ ಚಿತ್ರವನ್ನು ಹೊಸ ನಮೂನೆಯ ಕಡತದಲ್ಲಿ ಕಳಿಸುತ್ತಾರೆ, ಯಂತ್ರಕ್ಕೆ ಜೋಡಿಸಿದ ಹಳೆಯ ಕಂಪ್ಯೂಟರು ಅದನ್ನು ತೆರೆಯುವುದಿಲ್ಲ. ಇವರು ಕಣ್ಣಿಗೆ ಕನ್ನಡಕ ಏರಿಸಿ ಫೋನಿನಲ್ಲಿ ಅದನ್ನು ನೋಡಿಕೊಂಡು ಒಂದೊಂದೇ ಹೊಲಿಗೆಯನ್ನು ಕಂಪ್ಯೂಟರಿಗೆ ಕೈಯಿಂದ ತುಂಬುತ್ತಿದ್ದರು. ನನಗೆ ಅದು ಬರುವುದಿಲ್ಲ. ನಾನು ಬಟ್ಟೆ ಕೂರಿಸುವವಳು, ದಾರ ಕತ್ತರಿಸುವವಳು. ಪೇಟೆಯಿಂದ ರಿಪೇರಿಯವನೊಬ್ಬನನ್ನು ಕರೆಸಿದೆ. "ಅಕ್ಕಾ, ಇದನ್ನ ಮ್ಯೂಸಿಯಮ್ಮಿಗೆ ಕೊಡ್ರಿ. ಹೊಸ ವಿಂಡೋಸ್ ಹಾಕ್ತೀನಿ, ಆದ್ರ ಯಂತ್ರ ಅದರ ಮಾತು ಕೇಳಂಗಿಲ್ಲ" ಎಂದು ಚಹಾ ಕುಡಿದು ಹೋದ.

ಜೂನಿಗೆ ಶಾಲೆ ಶುರು. ಅಷ್ಟರೊಳಗೆ ಯಂತ್ರ ಓಡದಿದ್ದರೆ ಮೈದುನ ಪ್ರಶಾಂತ ಆ ಕೋಣೆಯನ್ನು ಮೊಬೈಲ್ ಅಂಗಡಿಗೆ ಬಾಡಿಗೆ ಕೊಡುತ್ತಾನೆ, ನಾನು ಮಲೆಬೆನ್ನೂರಿಗೆ ತಮ್ಮನ ಮನೆಗೆ ಹೋಗಬೇಕು. ಗಂಡನಿಲ್ಲದವಳು, ಮಕ್ಕಳಿಲ್ಲದವಳು, ಇಲ್ಲಿ ಕೂತು ಏನು ಮಾಡುತ್ತಾಳೆ ಎಂದು ಎಲ್ಲರ ಲೆಕ್ಕ. ತಮ್ಮ ಬಹಳ ಒಳ್ಳೆಯವನು, ಮಹಡಿ ಮೇಲಿನ ಕೋಣೆ ಸುಣ್ಣ ಬಳಿಸಿ ಇಟ್ಟಿದ್ದಾನಂತೆ. ನನಗಿರುವ ಭಯವೇ ಅದು. ನಾನು ಈ ಮನೆಯಲ್ಲಿ, ಈ ಕೆಲಸದಲ್ಲಿ ಇರಬೇಕು.

ನಿನ್ನಿಂದ ಆಗುತ್ತದೆಯೇ ಹೇಳು. ಆಗದಿದ್ದರೂ ಹೇಳು, ಅಡ್ಡಗೋಡೆ ಮೇಲೆ ದೀಪ ಇಡಬೇಡ.

ಆಶಾರಾಣಿ


ಹರಿಹರ
17 ಫೆಬ್ರವರಿ 2025

ಆಶಾ,

ಪತ್ರ ಮುಟ್ಟಿತು. ಆಗುತ್ತದೆ.

ಆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆ ಹದಿನಾರು ಹದಿನೇಳು ವರ್ಷ ಹಳೆಯದು. ಅದನ್ನು ಯಾರು ಹೇಳಿದರೂ ಬದಲಿಸಬೇಡ. ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಒಂದು ಕಾರ್ಡು ಇದೆಯಲ್ಲ, ಅದನ್ನು ಮಾಡಿದ ಕಂಪನಿಯೇ ಈಗಿಲ್ಲ. ಹೊಸ ವ್ಯವಸ್ಥೆಗೆ ಆ ಕಾರ್ಡಿನ ಗುರುತು ಹತ್ತುವುದಿಲ್ಲ.

ಹೊಸ ಕಡತವನ್ನು ಓದಿ ಯಂತ್ರವನ್ನು ನಡೆಸುವ ಪ್ರೋಗ್ರಾಮನ್ನು ನಾನು ಬರೆದುಕೊಡುತ್ತೇನೆ. ಅದಕ್ಕೆ ಹೊಸ ಪೈಥಾನ್ ಬೇಕು. ಪೈಥಾನ್ ಎಂದರೆ ಕಂಪ್ಯೂಟರಿಗೆ ನಾವು ಹೇಳುವುದನ್ನು ಬರೆಯುವ ಭಾಷೆ. ಕೊಟ್ಟೂರೇಶ್ ಬರೆದದ್ದೂ ಅದರಲ್ಲೇ, ಆದರೆ ಅದರ ಹಳೆಯ ಅವತಾರದಲ್ಲಿ. ಇಷ್ಟು ಹಳೆಯ ಲಿನಕ್ಸಿಗೆ ಹೊಸ ಪೈಥಾನ್ ಸಿದ್ಧವಾಗಿ ಎಲ್ಲೂ ಸಿಗುವುದಿಲ್ಲ. ಆದ್ದರಿಂದ ಅದರ ಮೂಲ ಬರಹವನ್ನೇ ತಂದು ನಿನ್ನ ಕಂಪ್ಯೂಟರಿನಲ್ಲೇ ಕಟ್ಟಬೇಕು. ಅಂಗಡಿಯಲ್ಲಿ ಹಿಟ್ಟು ಸಿಗದಿದ್ದರೆ ಜೋಳ ತಂದು ಬೀಸಿಕೊಂಡ ಹಾಗೆ. ತೀರ ಹೊಸದನ್ನು ಆ ಕಂಪ್ಯೂಟರು ಅರಗಿಸಿಕೊಳ್ಳುವುದಿಲ್ಲ, ಅದಕ್ಕೆ ನಡುವಿನದೊಂದನ್ನು ಆರಿಸಿದ್ದೇನೆ.

ಮೂಲ ಪೆನ್ ಡ್ರೈವಿನಲ್ಲಿದೆ. ಹೊಡೆಯಬೇಕಾದ ಆದೇಶಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ವಾಟ್ಸಾಪಿನಲ್ಲಿ ಕಳಿಸಬಹುದಿತ್ತು. ಅಲ್ಲಿ ಎರಡು ಅಡ್ಡಗೆರೆ ಹಾಕಿದರೆ ಫೋನು ತಾನೇ ಬುದ್ಧಿವಂತನಾಗಿ ಒಂದು ಮಾಡುತ್ತದೆ, ಆಮೇಲೆ ನಿನ್ನ ಕಂಪ್ಯೂಟರು ಸಿಟ್ಟಾಗುತ್ತದೆ. ಕಾಗದವೇ ವಾಸಿ, ಕಾಲೇಜಿನಲ್ಲಿ ನಮ್ಮ ಮಕ್ಕಳಿಗೂ ಅದನ್ನೇ ಹೇಳುತ್ತೇನೆ.

ಒಂದು ಮಾತ್ರ ನೆನಪಿಡು. ಕೊನೆಯ ಆದೇಶದಲ್ಲಿ ಬರೀ 'ಇನ್‌ಸ್ಟಾಲ್' ಎನ್ನಬೇಡ. ನಾನು ಬರೆದ ಹಾಗೆ 'ಆಲ್ಟ್‌ಇನ್‌ಸ್ಟಾಲ್' ಎಂದೇ ಹೊಡೆ. ಆಗ ಹಳೆಯದನ್ನು ಮುಟ್ಟದೆ ಹೊಸದು ಪಕ್ಕದಲ್ಲಿ ಕೂರುತ್ತದೆ. ಆ ಲಿನಕ್ಸಿನ ಎಷ್ಟೋ ಕೆಲಸ ಹಳೆಯ ಪೈಥಾನ್ ಮೇಲೆ ನಿಂತಿದೆ.

ಕೊಟ್ಟೂರೇಶ್ ಬರೆದ ಪ್ರೋಗ್ರಾಮನ್ನೂ ಇದೇ ಪೆನ್ ಡ್ರೈವಿಗೆ ನಕಲು ಮಾಡಿ ಕಳಿಸು. ಅದನ್ನು ನೋಡಿಯೇ ಹೊಸದನ್ನು ಬರೆಯಬೇಕು.

ಬೇರೆ ಏನು ಬರೆಯಬೇಕೆಂದು ತೋಚುತ್ತಿಲ್ಲ.

ಶಾಹಿಸ್ತಾ


ನಿಟ್ಟುವಳ್ಳಿ
3 ಮಾರ್ಚ್ 2025

ಶಾಹಿಸ್ತಾ,

ಪೆನ್ ಡ್ರೈವಿನಲ್ಲಿ ಅವರ ಪ್ರೋಗ್ರಾಮ್ ಇದೆ, ತೆಗೆದುಕೋ. ಕಟ್ಟುವ ಕೆಲಸ ಮಾತ್ರ ಮುಂದೆ ಹೋಗುತ್ತಿಲ್ಲ.

ನೀನು ಹೇಳಿದ ಹಾಗೆ ಮೂಲವನ್ನು ಬಿಚ್ಚಿದೆ. ಕಟ್ಟಲು 'ಮೇಕ್' ಎಂದು ಹೊಡೆದರೆ, ಈ ಕಡತಗಳು ಮುಂದಿನ ಕಾಲದವು, ಗಡಿಯಾರ ಸರಿಯಿಲ್ಲ, ಕಟ್ಟಿದ್ದು ಅರೆಬರೆ ಆಗಬಹುದು ಎಂದು ಇಂಗ್ಲಿಷಿನಲ್ಲಿ ಗೊಣಗುತ್ತದೆ. ನೋಡಿದರೆ ಕಂಪ್ಯೂಟರಿನ ಒಳಗಿನ ಬ್ಯಾಟರಿ ಸತ್ತು ಅದರ ಕಾಲ ಎಲ್ಲಿಗೋ ಇಪ್ಪತ್ತು ವರ್ಷ ಹಿಂದೆ ಹೋಗಿತ್ತು. ಹಾಳೆಯ ಹಿಂಬದಿ ನೀನು ಬರೆದ ಆದೇಶ ನೋಡಿ ದಿನಾಂಕ ಸರಿಮಾಡಿದೆ. ಮತ್ತೆ ಅದೇ ಗೊಣಗಾಟ. ಪರದೆಯ ಮೇಲೆ ಬಂದದ್ದನ್ನೆಲ್ಲ ಜೊತೆಗಿರುವ ಹಾಳೆಯಲ್ಲಿ ಅಕ್ಷರ ಬಿಡದೆ ಬರೆದಿದ್ದೇನೆ.

ಪ್ರಶಾಂತ ನಿನ್ನೆ ಅಳತೆ ಟೇಪು ಹಿಡಿದುಕೊಂಡು ಬಂದು ಕೋಣೆ ಅಳೆದ. "ಅತ್ತಿಗೆ, ಸುಮ್ನೆ ಅಳೆದು ಇಟ್ಕಂತೀನಿ ಅಷ್ಟೆ, ಬೇಜಾರ್ ಮಾಡ್ಕಬ್ಯಾಡ್ರಿ" ಎಂದ. ಬೇಜಾರು ಮಾಡಿಕೊಳ್ಳಲು ಮನಸ್ಸಾದರೂ ಇರಬೇಕಲ್ಲ. ಟೇಪಿನ ಇನ್ನೊಂದು ತುದಿ ನಾನೇ ಹಿಡಿದುಕೊಂಡೆ. ಆಮೇಲೆ ಅತ್ತೆ ಒಳಗಿನಿಂದ, "ಯಂತ್ರ ಓಡಿದ್ರೆ ಇರ್ಲಿ. ಓಡದಿದ್ರೆ ಕಬ್ಬಿಣ ಇಟ್ಕಂಡು ಏನ್ಮಾಡ್ತೀಯವ್ವಾ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮಗನ ಅಂಗಿಗಳನ್ನೆಲ್ಲ ನಾನು ಹನ್ನೊಂದನೇ ದಿನವೇ ಕೊಟ್ಟುಬಿಟ್ಟೆ ಎಂದು ಅವರಿಗೆ ಒಳಗೊಳಗೆ ಸಿಟ್ಟಿದೆ. ಒಂದನ್ನಾದರೂ ಇಟ್ಟುಕೊಳ್ಳಬೇಕು ಎಂದು ನನಗೆ ಅನ್ನಿಸಲೇ ಇಲ್ಲ, ಶಾಹಿಸ್ತಾ. ಮಡಚಿದೆ, ಕೊಟ್ಟೆ.

ಏನು ತಪ್ಪಾಗಿದೆ ನೋಡಿ ಬರೆ.

ಆಶಾರಾಣಿ


ಹರಿಹರ
9 ಮಾರ್ಚ್ 2025

ಆಶಾ,

ನಿನ್ನ ಹಾಳೆ ನೋಡಿದೆ. ಆದೇಶಗಳೆಲ್ಲ ಸರಿಯಾಗಿವೆ. ದಿನಾಂಕದ ಸಾಲು ನೋಡು. ನೀನು ಹಾಕಿರುವುದು 2024ರ ಜೂನ್. ನಾನು ಕಳಿಸಿದ ಮೂಲ ಆ ವರ್ಷದ ಡಿಸೆಂಬರಿನದು. ಅದಕ್ಕೇ ಕಂಪ್ಯೂಟರಿಗೆ ಅದು ಮುಂದಿನ ಕಾಲದ್ದಾಗಿ ಕಾಣುತ್ತದೆ. ಈಗಿನ ತಿಂಗಳು, ಈಗಿನ ವರ್ಷ ಹಾಕು.

ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ, ನಾಣ್ಯದ ಆಕಾರದ್ದು. ಹಾಕಿಸು.

ಇನ್ನೊಂದು. ಕೊನೆಗೆ ಜೆಡ್‌ಲಿಬ್ ಇಲ್ಲ ಎಂದು ಅದು ತಕರಾರು ತೆಗೆದೇ ತೆಗೆಯುತ್ತದೆ. ಒತ್ತಿಟ್ಟ ಕಡತಗಳನ್ನು ಬಿಚ್ಚುವ ಸಣ್ಣ ಸಾಮಾನು ಅದು. ಅದರ ಮೂಲವನ್ನೂ ಕಳಿಸಿದ್ದೇನೆ. ಮೊದಲು ಅದನ್ನು ಕಟ್ಟಿ, ಆಮೇಲೆ ಪೈಥಾನನ್ನು ಮೊದಲಿನಿಂದ ಕಟ್ಟು. ಅವಸರ ಬೇಡ.

ರಂಜಾನಿನ ರೋಜಾ ನಡೆಯುತ್ತಿದೆ. ಸಂಜೆ ಮಸೀದಿಯಲ್ಲಿ ಬಾಂಗ್ ಆಗುವ ತನಕ ಹೊತ್ತು ಹೋಗುವುದಿಲ್ಲ, ಅಂಥ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಆ ದಿನ ನಾನು ಯಾಕೆ ಬರಲಿಲ್ಲ ಎಂದು ಬರೆಯಲು ಮೂರು ಹಾಳೆ ಹಾಳು ಮಾಡಿದೆ. ಯಾವುದನ್ನು ಓದಿದರೂ ಸುಳ್ಳು ಅನ್ನಿಸಿತು. ಒಂದರಲ್ಲಿ ಕಾಲೇಜಿನ ಪರೀಕ್ಷೆ ಇತ್ತು, ಒಂದರಲ್ಲಿ ಅಮ್ಮಿಗೆ ಹುಷಾರಿರಲಿಲ್ಲ. ಎರಡೂ ನಿಜ, ಆದರೆ ಎರಡೂ ಕಾರಣ ಅಲ್ಲ. ನಾನು ನಿಮ್ಮ ಜೊತೆಯ ಕೆಲಸ ಬಿಟ್ಟು ಹರಿಹರಕ್ಕೆ ಬಂದಾಗ ನೀವಿಬ್ಬರೂ ಬಾಗಿಲಿನವರೆಗೂ ಬರಲಿಲ್ಲ. ನಾನೂ ತಿರುಗಿ ನೋಡಲಿಲ್ಲ. ಅಷ್ಟೇ ಬರೆಯಲು ಆಗುತ್ತದೆ.

ಶಾಹಿಸ್ತಾ


ನಿಟ್ಟುವಳ್ಳಿ
2 ಏಪ್ರಿಲ್ 2025

ಶಾಹಿಸ್ತಾ,

ಕಟ್ಟಿ ಮುಗಿಯಿತು.

ಯುಗಾದಿಯ ದಿನ ಕೂತೆ. ವರ್ಷ ತುಂಬದ ಮನೆ, ಹಬ್ಬವಿಲ್ಲ. ಓಣಿಯ ತುಂಬ ಹೋಳಿಗೆಯ ವಾಸನೆ, ನಮ್ಮ ಮನೆಯಲ್ಲಿ ಸಾದಾ ಅನ್ನ ಸಾರು. ಕೈ ಖಾಲಿ ಇತ್ತು. ಜೆಡ್‌ಲಿಬ್ ಬೇಗ ಆಯಿತು. ಪೈಥಾನಿಗೆ 'ಮೇಕ್' ಎಂದೆ, ಸಾಲುಗಳು ಓಡತೊಡಗಿದವು. ಅತ್ತೆ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತರು.

"ಏನವ್ವಾ ಇದು, ಮಂತ್ರ ಹೇಳಿದಂಗೆ ಓಡ್ತತಿ?"

"ಭಾಷೆ ಕಟ್ಟಾಕ ಹತ್ತೈತ್ರಿ ಅತ್ತೆ. ಹೊಸದು."

"ನಮ್ಮ ಕೊಟ್ರನ ಮಾತು ಕೇಳ್ತಿತ್ತಲ್ಲ, ಅದು ಸಾಲಂಗಿಲ್ಲೇನು?"

"ಅದೂ ಇರ್ತತ್ರಿ. ಇದು ಅದರ ಬಾಜೂಕೆ ಕುಂದರ್ತತಿ."

ಅವರು ಹೂಂ ಎಂದರು. ನಡುವೆ ಕರೆಂಟು ಹೋಯಿತು. ಎಲ್ಲ ಹಾಳಾಯಿತು ಅಂದುಕೊಂಡೆ. ಬಂದ ಮೇಲೆ ಮತ್ತೆ 'ಮೇಕ್' ಎಂದರೆ ಬಿಟ್ಟ ಜಾಗದಿಂದಲೇ ಹಿಡಿದುಕೊಂಡಿತು. ಅದರ ಬುದ್ಧಿ ಮೆಚ್ಚಿದೆ. ಸಂಜೆಯ ಹೊತ್ತಿಗೆ ನೀನು ಹೇಳಿದ ಆಲ್ಟ್‌ಇನ್‌ಸ್ಟಾಲ್ ಹೊಡೆದೆ. ಹಳೆಯದನ್ನು ಕರೆದರೆ ಹಳೆಯದು ಓ ಎನ್ನುತ್ತದೆ, ಹೊಸದನ್ನು ಕರೆದರೆ ಹೊಸದು.

ದಿನಾಂಕದ ವಿಷಯ. ನಾನು ಜೂನ್ ಹಾಕಿದ್ದೇನೆ ಎಂದು ನೀನು ಬರೆದ ಮೇಲೇ ನನಗೆ ಗೊತ್ತಾದದ್ದು. ಬೇಕೆಂದು ಮಾಡಿದ್ದಲ್ಲ. ಕಂಪ್ಯೂಟರು ದಿನ ಕೇಳಿತು, ಕೈಗೆ ಬಂದ ದಿನ ಕೊಟ್ಟೆ. ನಿನ್ನ ಪತ್ರ ಓದಿ ಗೋಡೆಯ ಕ್ಯಾಲೆಂಡರ್ ನೋಡಿದರೆ ಅದೂ ಇವರು ಹೋದ ಜೂನಿನಲ್ಲೇ ಇತ್ತು. ಎಂಟೊಂಬತ್ತು ತಿಂಗಳಿಂದ ಮನೆಯಲ್ಲಿ ಮೂರು ಜನ ಓಡಾಡುತ್ತಿದ್ದೇವೆ, ಒಬ್ಬರೂ ಹಾಳೆ ಮಗುಚಿರಲಿಲ್ಲ. ಹೊಸ ಕ್ಯಾಲೆಂಡರ್ ತಂದು ಹಾಕಿದೆ. ಹಾಕುವಾಗಲೂ ಏನೂ ಅನ್ನಿಸಲಿಲ್ಲ.

ಈದ್ ಚೆನ್ನಾಗಿ ಆಯಿತೇ? ಅಮ್ಮಿಯವರಿಗೆ ನನ್ನ ಸಲಾಮ್ ಹೇಳು. ಪ್ರೋಗ್ರಾಮ್ ಬೇಗ ಕಳಿಸು.

ಆಶಾ


ಹರಿಹರ
14 ಏಪ್ರಿಲ್ 2025

ಆಶಾ,

ಭೇಷ್. ನಮ್ಮ ಕಾಲೇಜಿನ ಕೊನೆಯ ವರ್ಷದವರಿಗೆ ಈ ಕೆಲಸ ಕೊಟ್ಟಿದ್ದರೆ ಅರ್ಧ ಜನ ಹೊಸ ಲ್ಯಾಪ್‌ಟಾಪ್ ಕೊಡಿಸಿ ಎನ್ನುತ್ತಿದ್ದರು.

ಹೊಸ ಪ್ರೋಗ್ರಾಮ್ ಕಳಿಸಿದ್ದೇನೆ. ಶಾಲೆಯವರ ಕಡತವನ್ನು ನೇರವಾಗಿ ಓದಿ ಹೊಲಿಗೆ ಮಾಡಿ ಯಂತ್ರಕ್ಕೆ ಕೊಡುತ್ತದೆ. ಹಳೆಯದರಲ್ಲಿ ಕೆಲವು ಅನವಶ್ಯಕ ಸಾಲುಗಳಿದ್ದವು, ಬಿಟ್ಟಿದ್ದೇನೆ. ವೇಗವಾಗಿ ಓಡುತ್ತದೆ.

ಸಲಾಮ್ ಹೇಳಿದೆ. ಅಮ್ಮಿ ನೀನು ಯಾರೆಂದು ಕೇಳಲಿಲ್ಲ. "ಆಶಾ ಊಟ ಮಾಡ್ತಾಳಾ ಸರಿಯಾಗಿ?" ಎಂದು ಕೇಳಿದರು.

ಶಾಹಿಸ್ತಾ


ನಿಟ್ಟುವಳ್ಳಿ
1 ಮೇ 2025

ಶಾಹಿಸ್ತಾ,

ಓಡುತ್ತಿದೆ. ಬೆಳಗಿನಿಂದ ಸಂಜೆಯವರೆಗೆ ಸದ್ದು. ಮೊದಲ ಶಾಲೆಯ ಬ್ಯಾಡ್ಜುಗಳು ಹೋದವು, ಇನ್ನೆರಡು ಶಾಲೆಯವು ಒಪ್ಪಿಕೊಂಡಿದ್ದೇನೆ. ಇವರು ಒಂದು ದಿನಕ್ಕೆ ಮಾಡುತ್ತಿದ್ದದ್ದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸುತ್ತದೆ. ಪ್ರಶಾಂತ ಬಾಗಿಲಲ್ಲಿ ನಿಂತು ನೋಡಿ, "ಅತ್ತಿಗೆ, ಅಣ್ಣ ಇದ್ದಾಗ ಹಿಂಗೆ ಓಡಿದ್ದೇ ನೋಡ್ಲಿಲ್ಲಪ್ಪ" ಎಂದ. ಅಳತೆ ಟೇಪಿನ ಸುದ್ದಿ ಈಗಿಲ್ಲ. ಎರಡು ಶಾಲೆಯ ಕೆಲಸವೂ ಹೊತ್ತಿಗೆ ಮುಗಿದರೆ ಕೋಣೆ ನನಗೇ ಎಂದು ಅತ್ತೆಯ ಎದುರು ಹೇಳಿದ್ದಾನೆ.

ಸಂತೋಷವಾಗಬೇಕಿತ್ತು. ಆಗಬಹುದು, ನಿಧಾನವಾಗಿ. ಅಮ್ಮಿಯವರಿಗೆ ಹೇಳು, ಊಟ ಮಾಡುತ್ತಿದ್ದೇನೆ.

ಆಶಾ


ನಿಟ್ಟುವಳ್ಳಿ
12 ಮೇ 2025

ಶಾಹಿಸ್ತಾ,

ಬಲಗೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ನೆಟ್ಟಗಿದೆ. ಎಡಗೈಯ ತೋರುಬೆರಳಿಗೆ ಸೂಜಿ ಹೊಕ್ಕಿತು.

ಒಂದು ಬಣ್ಣ ಮುಗಿದು ಇನ್ನೊಂದಕ್ಕೆ ಹೋಗುವಾಗ ದಾರದ ತುದಿ ನೇತಾಡುತ್ತದಲ್ಲ, ಅದನ್ನು ಎಡಗೈಯಲ್ಲಿ ಒತ್ತಿ ಹಿಡಿದು ಕತ್ತರಿಸುವುದು ನನ್ನ ರೂಢಿ. ನೀನು ಹೋದ ಮೇಲೆ ಈ ಕೆಲಸ ನನ್ನ ಪಾಲಿಗೆ ಬಂತು, ಆಗಿನಿಂದ ಹಾಗೇ ಮಾಡಿದ್ದೇನೆ, ಒಂದು ಸಲವೂ ಏನೂ ಆಗಿಲ್ಲ. ಈಗ ದಾರ ಬದಲಾಗಿದ್ದೇ ತಡ ಸೂಜಿ ಇಳಿದುಬಿಡುತ್ತದೆ. ಇಷ್ಟು ದಿನ ಹೇಗೋ ತಪ್ಪಿಸಿಕೊಂಡಿದ್ದೆ.

ಉಗುರಿನ ಪಕ್ಕದಲ್ಲಿ ಹೊಕ್ಕು ಆ ಕಡೆ ಬಂದಿತ್ತು. ನಾನು ಕೂಗಲಿಲ್ಲ. ಸ್ವಿಚ್ ಆರಿಸಿ, ಗಾಲಿಯನ್ನು ಕೈಯಲ್ಲಿ ತಿರುಗಿಸಿ ಸೂಜಿ ಮೇಲೆತ್ತಿ, ಬಟ್ಟೆಗೆ ರಕ್ತ ತಾಗಿತೇನೋ ಎಂದು ನೋಡಿದೆ. ಡಾಕ್ಟರು ಇಂಜೆಕ್ಷನ್ ಕೊಡುತ್ತ, "ನೋವಾಗ್ಲಿಲ್ವೇನಮ್ಮ?" ಎಂದರು. ಇಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಸುಳ್ಳಲ್ಲ, ನೋವು ಆಗಲೇ ಇಲ್ಲ. ಅದಕ್ಕೇ ನನಗೆ ಮೊದಲ ಸಲ ಹೆದರಿಕೆಯಾಯಿತು.

ಯಂತ್ರ ನಿಂತಿದೆ. ಮುಂದೆ ಕೂತರೆ ಕೈ ಆ ಕಡೆ ಹೋಗುವುದಿಲ್ಲ. ಒಂದು ಶಾಲೆಯದು ಪೂರ್ತಿ ಬಾಕಿ, ಇನ್ನೊಂದು ಅರ್ಧ. ಹಳೆಯದರಲ್ಲಿ ಇಲ್ಲದ್ದು ಹೊಸದರಲ್ಲಿ ಏನಾಯಿತು, ನೋಡಿ ಹೇಳು.

ಆಶಾ


ಹರಿಹರ
16 ಮೇ 2025

ಆಶಾ,

ನಿನ್ನ ಪತ್ರ ಬಂದ ಕೂಡಲೇ ಎರಡೂ ಪ್ರೋಗ್ರಾಮುಗಳನ್ನು ಅಕ್ಕಪಕ್ಕ ತೆರೆದಿಟ್ಟು ಓದಿದೆ.

ಹಳೆಯದರಲ್ಲಿ ಪ್ರತಿ ಬಣ್ಣ ಬದಲಾದ ಮೇಲೂ ಯಂತ್ರ ನಾಲ್ಕು ಸೆಕೆಂಡು ಸುಮ್ಮನೆ ನಿಲ್ಲುತ್ತದೆ. ಯಂತ್ರಕ್ಕೆ ಅದರ ಅಗತ್ಯವಿಲ್ಲ. ಹಳೆಯ ಕಾರ್ಡು ನಿಧಾನ, ಅದಕ್ಕೆ ಹಾಕಿರಬೇಕು ಎಂದುಕೊಂಡು ನಾನು ಅದನ್ನು ಬಿಟ್ಟೆ. ನಾನು ಅಲ್ಲಿ ಕೆಲಸ ಮಾಡುವಾಗ ಆ ಸಾಲು ಇರಲಿಲ್ಲ. ನಾನು ಹೋದ ಮೇಲೆ ಕೊಟ್ಟೂರೇಶ್ ಸೇರಿಸಿದ್ದು.

ಪ್ರೋಗ್ರಾಮಿನಲ್ಲಿ ಇಂಥ ಸಂಖ್ಯೆಗೆ ಒಂದು ಹೆಸರು ಇಟ್ಟುಕೊಳ್ಳುತ್ತೇವೆ. ಎಲ್ಲರೂ 'ವೇಟ್' ಎಂದೋ 'ಡಿಲೇ' ಎಂದೋ ಇಡುತ್ತಾರೆ. ಅವನು ಇಂಗ್ಲಿಷ್ ಅಕ್ಷರಗಳಲ್ಲಿ 'ಆಶಾ ಕೈ' ಎಂದು ಇಟ್ಟಿದ್ದಾನೆ. ಆಶಾ ಕೈ, ಸಮ, ನಾಲ್ಕು. ಮೊದಲ ಸಲ ಓದಿದಾಗ ಏನೋ ಗುರುತಿಗೆ ಇಟ್ಟ ಹೆಸರು ಎಂದು ದಾಟಿ ಹೋಗಿದ್ದೆ. ನಿನ್ನ ಕೈ ಅಲ್ಲಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಸೇರಿಸಬೇಕಾದ ಎರಡು ಸಾಲುಗಳನ್ನು ಹಾಳೆಯಲ್ಲಿ ಬರೆದಿದ್ದೇನೆ. ಎಲ್ಲಿ ಸೇರಿಸಬೇಕೆಂದೂ ಗುರುತು ಹಾಕಿದ್ದೇನೆ. ಪೈಥಾನನ್ನೇ ಕಟ್ಟಿದವಳಿಗೆ ಇದು ಎರಡು ನಿಮಿಷದ ಕೆಲಸ. ಹೆಸರು ನೀನು ಏನು ಬೇಕಾದರೂ ಇಡಬಹುದು, ಯಂತ್ರಕ್ಕೆ ಬೇಕಾದದ್ದು ಸಂಖ್ಯೆ ಮಾತ್ರ.

ಬೆರಳು ಹೇಗಿದೆ?

ಶಾಹಿಸ್ತಾ


ನಿಟ್ಟುವಳ್ಳಿ
20 ಮೇ 2025

ಶಾಹಿಸ್ತಾ,

ಬೆರಳು ನೋಯುತ್ತಿದೆ. ನಿನ್ನ ಪತ್ರ ಬಂದ ದಿನದಿಂದ ಶುರುವಾಯಿತು. ಇಡೀ ಕೈ ಮೊಣಕೈವರೆಗೆ ಸಿಡಿಯುತ್ತದೆ. ಅತ್ತೆ ಅರಿಸಿನ ಬಿಸಿ ಮಾಡಿ ಕಟ್ಟುತ್ತ, ಅಳಬ್ಯಾಡ, ವಾಸಿ ಆಗ್ತತಿ ಎಂದಾಗ ನಾನು ಅಳುತ್ತಿದ್ದೇನೆ ಎಂದು ಗೊತ್ತಾಯಿತು. ಆಮೇಲೆ ಅವರೂ ಅತ್ತರು. ಬೆರಳಿಗಾಗಿ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ನಾಲ್ಕು ಸೆಕೆಂಡಿಗಾಗಿ ನಾನು ಅವರನ್ನು ಎಷ್ಟು ಬೈದಿದ್ದೇನೆ ಗೊತ್ತೇ? "ಬಣ್ಣಕ್ಕೊಮ್ಮೆ ನಿಂತು ಉಸಿರು ತಗಂತತಿ ನಿಮ್ಮ ಯಂತ್ರ, ಥೇಟ್ ನಿಮ್ಮಂಗೆ" ಎನ್ನುತ್ತಿದ್ದೆ. ಬೇರೆಯವರ ಯಂತ್ರ ಎಷ್ಟು ಜೋರಾಗಿ ಓಡುತ್ತದೆ ಎಂದು ಹಂಗಿಸುತ್ತಿದ್ದೆ. "ಹಳೇದೈತಿ ಬಿಡು, ಹಂಗೇ ಓಡ್ತತಿ" ಎಂದು ತಲೆಯೆತ್ತದೆ ಹೇಳುತ್ತಿದ್ದರು. ಕೈ ಎತ್ತಿ ಕೆಲಸ ಮಾಡೇ ಎಂದು ಒಂದು ಮಾತು ಹೇಳಬಹುದಿತ್ತು. ನಾನು ಕೇಳುವವಳಲ್ಲ ಎಂದು ಗೊತ್ತಿದ್ದು ಯಂತ್ರಕ್ಕೆ ಹೇಳಿಬಿಟ್ಟರು. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂದಿದೆ, ಶಾಹಿಸ್ತಾ. ಒಂದು ವರ್ಷದಲ್ಲಿ ಮೊದಲ ಸಲ.

ನೀನು ಕೊಟ್ಟ ಹಾಳೆ ಇಟ್ಟುಕೊಂಡು ಮೂರು ದಿನದಿಂದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೇನೆ. ಕಾಗದ ನೋಡಿ ಒಂದು ಭಾಷೆಯನ್ನೇ ಕಟ್ಟಿದೆ, ಒಂದು ಅಡ್ಡಗೆರೆ ತಪ್ಪಲಿಲ್ಲ. ಈ ಸಾಲು ಆಗುತ್ತಿಲ್ಲ. ಮೊದಲ ಅಕ್ಷರ ಹೊಡೆಯುತ್ತೇನೆ, ಅಳಿಸುತ್ತೇನೆ. ಹೆಸರು ಏನಾದರೂ ಇರಬಹುದು ಎಂದು ನೀನು ಬರೆದಿದ್ದೆ. ಬೇರೆ ಹೆಸರೂ ಹೊಡೆದು ನೋಡಿದೆ. ಅದು ಇನ್ನೂ ಆಗುವುದಿಲ್ಲ.

ಈ ತಿಂಗಳ ಕೊನೆಗೆ ಎರಡು ಶಾಲೆಗೂ ಬ್ಯಾಡ್ಜು ಮುಟ್ಟಬೇಕು. ನಿಂತು ನಿಂತು ಓಡಿದರೆ ತಡವಾಗುತ್ತದೆ ಎಂದು ಪ್ರಶಾಂತನಿಗೆ ಹೇಳಿದೆ. ಯಾಕೆ ನಿಲ್ಲುತ್ತದೆ ಎಂದೂ ಹೇಳಿದೆ. ಅವನು, "ತಡ ಆದ್ರೆ ಆಗ್ಲಿ ಬಿಡ್ರಿ ಅತ್ತಿಗೆ. ಶಾಲಿಯೋರಿಗೆ ನಾನು ಹೇಳ್ತೀನಿ" ಎಂದು ಹೊರಗೆ ಹೋದ.

ನೀನು ಬಾ. ಯಾಕೆ ಬಂದೆ, ಯಾಕೆ ಬರಲಿಲ್ಲ, ಏನೂ ಹೇಳಬೇಕಾಗಿಲ್ಲ. ನೀನು ಆ ಸಾಲನ್ನು ಹೊಡೆ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ಅವರು ಇಟ್ಟ ಹೆಸರನ್ನೇ ಹೊಡೆಯಬೇಕು.

ಆಶಾ